ಒಂದೇ ಸಲ ಬರೆಯುವ ಪರೀಕ್ಷೆ

ಹಾನಗಲ್ ತಾಲ್ಲೂಕಿನ ಹಳ್ಳಿಯೊಂದರಿಂದ ಒಬ್ಬ ತಂದೆ ಕಾಗದ ಬರೆದಿದ್ದಾರೆ. ರೂಲು ಹಾಳೆಯ ಎರಡು ಮಗ್ಗುಲೂ ತುಂಬಿದೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಅವರ ಮಗಳು ಈ ಸಲ ಐದನೇ ತರಗತಿಗೆ ಬಂದಿದ್ದಾಳೆ. ‘ಹುಡುಗಿ ಭಾಳ ಶಾಣ್ಯಾಕಿ ಇದ್ದಾಳ್ರಿ ಅಕ್ಕಾರ. ಗುರುಗಳೂ ಹಂಗ ಅಂತಾರ. ನವೋದಯಕ್ಕ ಹಾಕ್ಬೇಕಂತ ಆಸೆ’ ಎಂದು ಶುರುವಾಗುವ ಕಾಗದ ಎರಡನೇ ಮಗ್ಗುಲಿಗೆ ಬರುವಷ್ಟರಲ್ಲಿ ಕಷ್ಟಕ್ಕೆ ಬರುತ್ತದೆ. ಪೇಟೆಯಲ್ಲಿ ನವೋದಯ ಕೋಚಿಂಗ್ ನಡೆಸುವವರು ಮಗಳನ್ನು ಒಂದು ವರ್ಷ ತಮ್ಮಲ್ಲೇ ಇರಿಸಬೇಕು, ಇಲ್ಲದಿದ್ದರೆ ಸೀಟಿನ ಆಸೆ ಬಿಡಿ ಎಂದಿದ್ದಾರಂತೆ. ಅವರು ಕೇಳುವ ಹಣ ಹೊಂದಿಸಬೇಕಾದರೆ ಮನೆಯ ಎರಡು ಎಮ್ಮೆ ಮಾರಬೇಕು. ಹೆಂಡತಿ ಒಪ್ಪುತ್ತಿಲ್ಲ. ‘ಎಮ್ಮಿ ಮಾರಿದ್ರ ಮಾರ್ರಿ, ಹತ್ತು ವರ್ಷದ ಕೂಸನ್ನ ಯಾಕ ಕಳಸ್ತೀರಿ’ ಅನ್ನುತ್ತಾರಂತೆ. ಏನು ಮಾಡಲಿ ಎಂದು ಪ್ರಶ್ನೆ.

ಶಾಲೆ ಶುರುವಾಗುವ ಜೂನ್ ತಿಂಗಳ ಸುಮಾರಿಗೆ ಇಂಥ ಕಾಗದ ಪ್ರತಿವರ್ಷವೂ ಒಂದೆರಡು ಬರುತ್ತವೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಸೀಮೆಸುಣ್ಣ ಹಿಡಿದವಳಾದ್ದರಿಂದ ನನಗೆ ಬರೆಯುತ್ತಾರೋ ಏನೋ. ಬಿಡಿಬಿಡಿಯಾಗಿ ಉತ್ತರಿಸುವ ಬದಲು ಈ ವಾರ ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ನವೋದಯ ಯಾಕೆ ಹುಟ್ಟಿತು ಅನ್ನುವುದನ್ನು ನೆನಪಿಸಿಕೊಳ್ಳಬೇಕು. ಪಿ. ವಿ. ನರಸಿಂಹ ರಾವ್ ಆಂಧ್ರದ ಮುಖ್ಯಮಂತ್ರಿಯಾಗಿದ್ದಾಗ, 1971ರಲ್ಲಿ, ನಲ್ಗೊಂಡ ಜಿಲ್ಲೆಯ ಸರ್ವೇಲ್ ಎಂಬ ಹಳ್ಳಿಯಲ್ಲಿ ಬಡಮಕ್ಕಳಿಗಾಗಿ ಒಂದು ವಸತಿ ಶಾಲೆ ತೆರೆಸಿದ್ದರು. ಮುಂದೆ ರಾಜೀವ್ ಗಾಂಧಿ ಪ್ರಧಾನಿಯಾದಾಗ ರಾವ್ ಅವರೇ ಮಾನವ ಸಂಪನ್ಮೂಲ ಸಚಿವರು. 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಮೊದಲ ಎರಡು ನವೋದಯ ಶಾಲೆಗಳು ಶುರುವಾದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನೇ ಜಿಲ್ಲೆಗೊಂದರಂತೆ ಹರಡುವ ಸಂಕಲ್ಪ ಮಾಡಿತು. ಹಳ್ಳಿಯಲ್ಲಿ ಚುರುಕಾದ ಮಗು ಇರುತ್ತದೆ, ಆದರೆ ಒಳ್ಳೆಯ ಶಾಲೆಗೆ ದುಡ್ಡು ಇರುವುದಿಲ್ಲ. ಆ ಮಗುವನ್ನು ಹುಡುಕಿ ತಂದು ಓದಿಸೋಣ ಎಂಬ ಸರಳ ಯೋಚನೆ. ನಮ್ಮಲ್ಲಿ ಗಾಜನೂರು, ಮುಡಿಪು, ಗಾಳಿಬೀಡು ಹೀಗೆ ಹೆಚ್ಚಿನವು ಪೇಟೆಯಿಂದ ಆಚೆಗೇ ಇವೆ. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವೂ ಸರ್ಕಾರದ್ದು. ಒಂಬತ್ತನೇ ತರಗತಿಯಿಂದ ತಿಂಗಳಿಗೆ 600 ರೂಪಾಯಿ ವಿಕಾಸ ನಿಧಿ ಎಂದು ಕೊಡಬೇಕು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಬಡತನದ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಸರ್ಕಾರಿ ನೌಕರರ ಮಕ್ಕಳಿಗೆ ಮಾತ್ರ ಸ್ವಲ್ಪ ಹೆಚ್ಚು.

ಇಷ್ಟೆಲ್ಲ ಪುಕ್ಕಟೆ ಎಂದ ಮೇಲೆ ನೂಕುನುಗ್ಗಲು ಇದ್ದೇ ಇರುತ್ತದೆ. ಇತ್ತೀಚಿನ ವರ್ಷಗಳಲ್ಲಿ ದೇಶದಾದ್ಯಂತ 20 ಲಕ್ಷಕ್ಕೂ ಮಿಕ್ಕಿ ಮಕ್ಕಳು ಹೆಸರು ನೋಂದಾಯಿಸುತ್ತಾರೆ. ಒಂದು ಶಾಲೆಗೆ ಹೆಚ್ಚೆಂದರೆ 80 ಸೀಟು; ಎಲ್ಲ ಸೇರಿ ಐವತ್ತು ಸಾವಿರದ ಆಸುಪಾಸು. ಅಂದರೆ ಸರಿಸುಮಾರು ನಲವತ್ತು ಮಕ್ಕಳಲ್ಲಿ ಒಬ್ಬರಿಗೆ.

ಈಗ ಕಾಗದ ಬರೆದ ತಂದೆಯವರು ದಯವಿಟ್ಟು ಗಮನವಿಟ್ಟು ಓದಬೇಕು. ನವೋದಯದ ಸೀಟುಗಳಲ್ಲಿ ಕನಿಷ್ಠ 75 ಭಾಗ ಗ್ರಾಮೀಣ ಮಕ್ಕಳಿಗೆ ಮೀಸಲು. ಗ್ರಾಮೀಣ ಎಂದರೆ ಅಪ್ಪನ ಊರು ಹಳ್ಳಿ, ಹೊಲ ಹಳ್ಳಿಯಲ್ಲಿದೆ ಎಂದಲ್ಲ. ಮಗು 3, 4, 5ನೇ ತರಗತಿಗಳನ್ನು ಹಳ್ಳಿಯಲ್ಲಿರುವ ಶಾಲೆಯಲ್ಲೇ ಓದಿರಬೇಕು. ಆ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ಪೇಟೆಯ ಶಾಲೆಯಲ್ಲಿ ಓದಿದರೂ ಮಗು ನಗರದ ಅಭ್ಯರ್ಥಿಯಾಗಿಬಿಡುತ್ತದೆ. ಒಂದೇ ದಿನ! ಇದು ನನ್ನ ಅತಿಶಯೋಕ್ತಿಯಲ್ಲ, ನಿಯಮದ ಪುಸ್ತಕದಲ್ಲೇ ಇರುವ ಮಾತು. ಐದನೇ ತರಗತಿಯನ್ನಂತೂ ಸರ್ಕಾರಿ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ, ಅದೇ ಜಿಲ್ಲೆಯಲ್ಲಿ, ವರ್ಷಪೂರ್ತಿ ಓದಬೇಕು.

ಅಂದ ಮೇಲೆ ನಿಮ್ಮ ಮಗಳ ಹತ್ತಿರ ಈಗಾಗಲೇ ಒಂದು ಬೆಲೆಬಾಳುವ ವಸ್ತು ಇದೆ. ಊರ ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರು. ಎರಡು ಎಮ್ಮೆ ಮಾರಿ ನೀವು ಕಳೆದುಕೊಳ್ಳಲು ಹೊರಟಿರುವುದು ಅದನ್ನೇ.

‘ಹಂಗಾದ್ರ ಕೋಚಿಂಗಿನವರು ಸಾವಿರಗಟ್ಟಲೆ ಮಕ್ಕಳನ್ನ ಹೆಂಗ ಇಟ್ಕೋತಾರ?’ ಎಂದು ನೀವು ಕೇಳಬಹುದು. ಇದು ಊರಿಗೆಲ್ಲ ಗೊತ್ತಿರುವ, ಯಾರೂ ಬಾಯಿಬಿಡದ ಸಂಗತಿ. ಮಗು ಪೇಟೆಯ ಕೋಣೆಯೊಂದರಲ್ಲಿ ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಚಿತ್ರ ಹೋಲಿಸುತ್ತ ಕೂತಿರುತ್ತದೆ. ಅದರ ಹೆಸರು ಮಾತ್ರ ಯಾವುದೋ ಹಳ್ಳಿ ಶಾಲೆಯಲ್ಲಿ ದಿನವೂ ‘ಹಾಜರ್’ ಎನ್ನುತ್ತಿರುತ್ತದೆ. ಆ ಹಳ್ಳಿ ಕೂಡ ಕೆಲವು ಸಲ ಮಗು ಕಣ್ಣಿನಿಂದ ಕಂಡದ್ದಲ್ಲ. ಪರೀಕ್ಷೆಯಲ್ಲಿ ಪಾಸಾಗಿ ದಾಖಲೆ ಪರಿಶೀಲನೆಗೆ ಹೋದಾಗ ‘ನಿಮ್ಮ ಶಾಲೆಯ ಹೆಡ್ ಮಾಸ್ತರರ ಹೆಸರೇನಮ್ಮಾ?’ ಎಂದು ಯಾರಾದರೂ ಕೇಳಿದರೆ ಹೇಳಲಿಕ್ಕೆಂದು ಅದನ್ನೂ ಬಾಯಿಪಾಠ ಮಾಡಿಸಿರುತ್ತಾರೆ. ಹತ್ತು ವರ್ಷದ ಮಗು ಪ್ರತಿಭಾವಂತರ ಶಾಲೆಗೆ ಸೇರಲು ಕಲಿಯುವ ಮೊದಲ ಪಾಠ ಇದು. ಸುಳ್ಳು ಸಿಕ್ಕಿಬಿದ್ದರೆ ಸೀಟು ಹೋಗುವುದು ಮಗುವಿನದು, ಕೋಚಿಂಗಿನವರದ್ದಲ್ಲ.

ಇನ್ನು ಅವರ ಜಾಹೀರಾತು. ನಮ್ಮ ಕಡೆಯ ಬಸ್ ನಿಲ್ದಾಣವೊಂದರಲ್ಲಿ ಎದುರುಬದುರು ಎರಡು ಕೋಚಿಂಗ್ ಸೆಂಟರಿನ ಫ್ಲೆಕ್ಸುಗಳಿದ್ದವು. ‘ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ: ಫಲಿತಾಂಶ ಖಾತ್ರಿ’ ಎಂದು ಎರಡರಲ್ಲೂ. ಬಸ್ಸು ತಡವಾಗಿದ್ದರಿಂದ ಪಾಸಾದ ಮಕ್ಕಳ ಪಾಸ್‌ಪೋರ್ಟ್ ಫೋಟೋಗಳನ್ನು ನಿಧಾನವಾಗಿ ನೋಡುತ್ತ ನಿಂತೆ. ಒಬ್ಬ ಹುಡುಗ, ಅದೇ ಶರ್ಟು, ಅದೇ ಬಾಚಿದ ಕೂದಲು, ಎರಡು ಫ್ಲೆಕ್ಸುಗಳಲ್ಲೂ ಇದ್ದ! ಪಾಪ, ಅವನನ್ನು ತಯಾರು ಮಾಡಿದವರು ಯಾರೋ, ಅವನೇ ತಯಾರಾದನೋ. ಪಾಸಾಗದೆ ಮನೆಗೆ ಹೋದ ಮಕ್ಕಳ ಫೋಟೋ ಹಾಕಲು ಅಲ್ಲಿ ಜಾಗ ಇರಲಿಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ಒಂದು ತಾಸು ಕೂಡಿಸಿಕೊಂಡು, ಒಂದು ಪೈಸೆ ತೆಗೆದುಕೊಳ್ಳದೆ ನವೋದಯಕ್ಕೆ ತಯಾರು ಮಾಡುವ ಮೇಷ್ಟ್ರುಗಳು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಫೋಟೋ ಯಾವ ಫ್ಲೆಕ್ಸಿನಲ್ಲೂ ಬರುವುದಿಲ್ಲ. ನಿಮ್ಮ ಊರ ಗುರುಗಳು ಹುಡುಗಿ ಶಾಣ್ಯಾಕಿ ಎಂದಿದ್ದಾರಲ್ಲ, ಮೊದಲು ಅವರ ಹತ್ತಿರ ಹೋಗಿ ಕೂತುಕೊಳ್ಳಿ.

ಪರೀಕ್ಷೆ ಅಂಥ ಬ್ರಹ್ಮವಿದ್ಯೆಯೇನೂ ಅಲ್ಲ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ, ಅಂದರೆ 40 ಪ್ರಶ್ನೆ, ಬರಿಯ ಚಿತ್ರಗಳು. ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಕಾಗದ ಮಡಚಿ ತೂತು ಮಾಡಿ ಬಿಡಿಸಿದರೆ ತೂತುಗಳು ಎಲ್ಲೆಲ್ಲಿ ಬರುತ್ತವೆ, ದೊಡ್ಡ ಚಿತ್ರದಲ್ಲಿ ಅಡಗಿರುವ ಸಣ್ಣ ಚಿತ್ರ ಯಾವುದು, ಹೀಗೆ. ಇದಕ್ಕೆ ಅಕ್ಷರವೇ ಬೇಡ. 20 ಪ್ರಶ್ನೆ ಲೆಕ್ಕ: ಭಿನ್ನರಾಶಿ, ದಶಮಾಂಶ, ಲ.ಸಾ.ಅ., ಮ.ಸಾ.ಅ., ಶೇಕಡಾ, ಸುತ್ತಳತೆ, ವಿಸ್ತೀರ್ಣ. ಉಳಿದ 20 ಭಾಷೆಯದು. ನಾಲ್ಕು ಗದ್ಯಭಾಗ ಕೊಟ್ಟು ಒಂದೊಂದಕ್ಕೂ ಐದು ಪ್ರಶ್ನೆ ಕೇಳುತ್ತಾರೆ. ಎಲ್ಲವನ್ನೂ ಕನ್ನಡದಲ್ಲೇ ಬರೆಯಬಹುದು. ಅರ್ಜಿಯಲ್ಲಿ ಭಾಷೆ ಕನ್ನಡ ಎಂದು ಸರಿಯಾಗಿ ತುಂಬಿರಬೇಕು ಅಷ್ಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಓ.ಎಂ.ಆರ್. ಹಾಳೆಯಲ್ಲಿ ಪೆನ್ನಿನಿಂದಲೇ ವೃತ್ತ ತುಂಬಬೇಕು, ತಿದ್ದುವಂತಿಲ್ಲ. ಜೀವನದಲ್ಲಿ ಮೊದಲ ಸಲ ಆ ಹಾಳೆ ನೋಡುವ ಮಗು ಗಾಬರಿಯಾಗುತ್ತದೆ. ಒಂದು ಹತ್ತು ಹಾಳೆಯ ನಕಲು ಮಾಡಿಸಿ ಮನೆಯಲ್ಲೇ ತುಂಬಿಸಿ ಅಭ್ಯಾಸ ಮಾಡಿಸಿದರೆ ಆ ಭಯ ಹೋಗುತ್ತದೆ.

ನಾನು ಕಂಡ ಒಂದು ವಿಚಿತ್ರ ಹೇಳುತ್ತೇನೆ. ನನ್ನ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಮನೆಯವರು ಜಾತ್ರೆ, ಗಣೇಶನ ಹಬ್ಬಕ್ಕೆ ಬಣ್ಣದ ಕಾಗದ ಕತ್ತರಿಸಿ ಪರಪರಿ ಮಾಡಿ ಮಾರುವವರು. ಕಾಗದವನ್ನು ನಾಲ್ಕು ಮಡಿಕೆ ಮಡಚಿ ಎಲ್ಲಿ ಕತ್ತರಿಸಿದರೆ ಯಾವ ಹೂ ಬರುತ್ತದೆಂದು ಅವಳ ಬೆರಳಿಗೇ ಗೊತ್ತಿತ್ತು. ಹಳೆಯ ಪ್ರಶ್ನೆಪತ್ರಿಕೆ ಕೊಟ್ಟಾಗ ಆ ತೂತಿನ ಪ್ರಶ್ನೆಗಳನ್ನು ನಾನು ಕನ್ನಡಕ ಸರಿಮಾಡಿಕೊಳ್ಳುವುದರೊಳಗೆ ಮುಗಿಸುತ್ತಿದ್ದಳು. ಅವಳು ಸೋತದ್ದು ಎಲ್ಲಿ ಗೊತ್ತೇ? ಕನ್ನಡದಲ್ಲಿ! ಗದ್ಯಭಾಗವನ್ನು ಒಂದೊಂದೇ ಪದ ತುಟಿ ಅಲ್ಲಾಡಿಸಿ ಓದುತ್ತಿದ್ದಳು. ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತೆಂದು ಮರೆತಿರುತ್ತಿತ್ತು, ಅಷ್ಟರಲ್ಲಿ ಸಮಯವೂ ಆಗಿರುತ್ತಿತ್ತು. ಇಂಥ ಎಷ್ಟೋ ಮಕ್ಕಳನ್ನು ನೋಡಿದ್ದೇನೆ. ಚಿತ್ರಗಳಲ್ಲಿ ಪೇಟೆ ಮಕ್ಕಳಿಗೆ ಸಮನಾಗಿ ನಿಲ್ಲುತ್ತಾರೆ, ಲೆಕ್ಕವನ್ನೂ ಹೇಗೋ ದಾಟುತ್ತಾರೆ, ತಾಯಿಭಾಷೆಯ ನಾಲ್ಕು ಪ್ಯಾರಾದಲ್ಲಿ ಮುಗ್ಗರಿಸುತ್ತಾರೆ. ಯಾಕೆಂದರೆ ಮನೆಯಲ್ಲಿ ಓದಲು ಪಠ್ಯಪುಸ್ತಕ ಬಿಟ್ಟರೆ ಇನ್ನೇನೂ ಇರುವುದಿಲ್ಲ.

ಹಾಗಾಗಿ ಖರ್ಚು ಮಾಡಲೇಬೇಕೆಂದರೆ ಹೀಗೆ ಮಾಡಿ. ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಪುಸ್ತಕ ತನ್ನಿ. ಪಂಚಾಯಿತಿ ಗ್ರಂಥಾಲಯದಿಂದ ಮಕ್ಕಳ ಕಥೆ ಪುಸ್ತಕ ತಂದುಕೊಡಿ, ಹಳೆಯ ದಿನಪತ್ರಿಕೆಯಾದರೂ ಸರಿ. ರಾತ್ರಿ ಊಟವಾದ ಮೇಲೆ ಒಂದು ಪುಟ ಮನಸ್ಸಿನಲ್ಲೇ ಓದಿ, ಏನಿತ್ತೆಂದು ಅಮ್ಮನಿಗೆ ಹೇಳಲಿ. ಅಮ್ಮನಿಗೆ ಓದು ಬಾರದಿದ್ದರೆ ಇನ್ನೂ ಒಳ್ಳೆಯದು, ಮಗಳು ಪೂರ್ತಿ ಕಥೆ ಹೇಳಬೇಕಾಗುತ್ತದೆ! ಎರಡು ತಿಂಗಳು ಬಿಟ್ಟು ಗಡಿಯಾರ ಇಟ್ಟು ಪತ್ರಿಕೆ ಬಿಡಿಸಲಿ. ದಿನಕ್ಕೆ ಒಂದೂವರೆ ಗಂಟೆ ಸಾಕು. ಅದಕ್ಕಿಂತ ಹೆಚ್ಚು ಕೂಡಿಸಿದರೆ ಮಕ್ಕಳು ಆಕಳಿಸುತ್ತಾರೆ, ಕಲಿಯುವುದಿಲ್ಲ.

ಆ ಪರಪರಿ ಹುಡುಗಿಗೆ ಸೀಟು ಸಿಗಲಿಲ್ಲ. ಊರಿನ ಹೈಸ್ಕೂಲಿನಲ್ಲೇ ಓದಿದಳು. ಈಗ ಜಮೀನು ಅಳೆಯುವ ಸರ್ವೇಯರ್. ನಕ್ಷೆ ನೋಡಿಯೇ ಯಾರ ಬದು ಯಾರ ಹೊಲಕ್ಕೆ ಎಷ್ಟು ಸರಿದಿದೆ ಎಂದು ಹೇಳುತ್ತಾಳೆಂದು ಕೇಳಿದ್ದೇನೆ.

ಮಕ್ಕಳ ಬುದ್ಧಿಯನ್ನು ಅಳೆದು ಆರಿಸುವ ಕೆಲಸಕ್ಕೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆ ಇದೆ, ಅದು ಕೊಂಚ ತಮಾಷೆಯಾಗಿಯೂ ಇದೆ. 1905ರಲ್ಲಿ ಪ್ಯಾರಿಸಿನ ಆಲ್ಫ್ರೆಡ್ ಬಿನೆ ಮೊದಲ ಬುದ್ಧಿ ಪರೀಕ್ಷೆ ತಯಾರಿಸಿದ್ದು ಜಾಣರನ್ನು ಹುಡುಕಲಿಕ್ಕಲ್ಲ. ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ಹೆಚ್ಚಿನ ಸಹಾಯ ಕೊಡಲಿಕ್ಕೆ. ನಮ್ಮವರೇ ಆದ ವಿ. ವಿ. ಕಾಮತರು 1930ರ ದಶಕದಲ್ಲಿ ಅದನ್ನು ಕನ್ನಡ, ಮರಾಠಿ ಮಾತನಾಡುವ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ನಮ್ಮ ಮನೋವೈದ್ಯರು ಇಂದಿಗೂ ಅದನ್ನು ಬಳಸುತ್ತಾರೆ, ಬಹುಮಟ್ಟಿಗೆ ಬಿನೆ ಬಯಸಿದ ಕೆಲಸಕ್ಕೇ. ಆದರೆ ಅಮೆರಿಕಕ್ಕೆ ಹೋದ ಅದೇ ಪರೀಕ್ಷೆಯನ್ನು ಲೂಯಿಸ್ ಟರ್ಮನ್ ಎಂಬ ಪ್ರೊಫೆಸರು ತಿರುಗಿಸಿ ಹಿಡಿದರು. 1921ರಲ್ಲಿ ಶುರುಮಾಡಿ ಕ್ಯಾಲಿಫೋರ್ನಿಯಾದಲ್ಲಿ ಸಾವಿರದೈನೂರು ಮಂದಿಗೂ ಮಿಕ್ಕಿ ಜಾಣ ಮಕ್ಕಳನ್ನು ಆರಿಸಿ, ಅವರು ದೊಡ್ಡವರಾಗಿ ಏನಾಗುತ್ತಾರೆಂದು ಜೀವಮಾನವಿಡೀ ಬೆನ್ನುಹತ್ತಿದರು. ಆಯ್ಕೆಯಾದವರಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಪರೀಕ್ಷೆಯಲ್ಲಿ ಅಂಕ ಸಾಲದೆ ಹೊರಗುಳಿದ ಇಬ್ಬರು ಹುಡುಗರಿಗೆ ಬಂತು: ವಿಲಿಯಂ ಶಾಕ್ಲೆಗೆ 1956ರಲ್ಲಿ, ಲೂಯಿ ಆಲ್ವರೆಜ್‌ಗೆ 1968ರಲ್ಲಿ. ಇಷ್ಟಾದ ಮೇಲೂ ಶಾಕ್ಲೆ ವಯಸ್ಸಾದಂತೆ ಬುದ್ಧಿ ಎಂಬುದು ಜನಾಂಗ, ವಂಶದಿಂದ ಬರುತ್ತದೆ, ಅದನ್ನು ಪರೀಕ್ಷೆಯಿಂದಲೇ ಅಳೆಯಬಹುದು ಎಂದು ವಾದಿಸಿ ಹೆಸರು ಕೆಡಿಸಿಕೊಂಡರು. ನೊಬೆಲ್ ಬಂದವರಿಗೆಲ್ಲ ವಿವೇಕವೂ ಬರಬೇಕೆಂದೇನಿಲ್ಲವಲ್ಲ.

ಇರಲಿ, ಹಾನಗಲ್ಲಿನ ತಾಯಿಯ ಮಾತಿಗೆ ಬರುತ್ತೇನೆ. ‘ಕೂಸನ್ನ ಯಾಕ ಕಳಸ್ತೀರಿ’ ಎಂಬುದನ್ನು ಹೆಂಗಸರ ಕಣ್ಣೀರು ಎಂದು ತಳ್ಳಿಹಾಕುವ ಗಂಡಸರಿದ್ದಾರೆ. ನಾನು ತಳ್ಳಿಹಾಕಲಾರೆ. ನವೋದಯಕ್ಕೆ ಸೇರುವಾಗ ಹೆಣ್ಣುಮಗುವಿಗೆ ಹತ್ತು, ಹನ್ನೊಂದು ವರ್ಷ. ಒಂದೆರಡು ವರ್ಷದಲ್ಲೇ ಮೈನೆರೆಯುತ್ತಾಳೆ. ಆ ದಿನ ಅಮ್ಮ ಹತ್ತಿರ ಇರುವುದಿಲ್ಲ. ಡಾರ್ಮಿಟರಿಯಲ್ಲಿ ತನ್ನ ಬಟ್ಟೆ ತಾನೇ ಒಗೆದುಕೊಳ್ಳಬೇಕು, ತಲೆ ತಾನೇ ಬಾಚಿಕೊಳ್ಳಬೇಕು. ಜ್ವರ ಬಂದಾಗ ಹಣೆ ಮುಟ್ಟುವ ಕೈ ಬೇರೆಯವರದು. ಮೊದಲ ಒಂದೆರಡು ತಿಂಗಳು ಅಳುವ ಮಕ್ಕಳೇ ಹೆಚ್ಚು. ಬಹಳಷ್ಟು ಮಂದಿ ಹೊಂದಿಕೊಳ್ಳುತ್ತಾರೆ, ಗೆಳತಿಯರನ್ನು ಮಾಡಿಕೊಂಡು ರಜೆಗೆ ಮನೆಗೆ ಬಂದಾಗ ‘ಯಾವಾಗ ಹೋಗೋಣ’ ಅನ್ನುತ್ತಾರೆ. ಕೆಲವರು ಹೊಂದಿಕೊಳ್ಳದೆ ವರ್ಷದ ಮಧ್ಯೆ ಟ್ರಂಕು ಹೊತ್ತು ವಾಪಸು ಬರುತ್ತಾರೆ. ಬಂದವರನ್ನು ಊರವರು ಆಡಿಕೊಳ್ಳುವುದುಂಟು.

ಆದ್ದರಿಂದ ಅರ್ಜಿ ಹಾಕುವ ಮೊದಲು ಒಂದು ದಿನ ಕೆಲಸ ಬಿಟ್ಟು ಗಂಡ ಹೆಂಡತಿ ಇಬ್ಬರೂ ಮಗಳನ್ನು ಕರೆದುಕೊಂಡು ನಿಮ್ಮ ಜಿಲ್ಲೆಯ ನವೋದಯಕ್ಕೆ ಹೋಗಿಬನ್ನಿ. ಮುಂಚೆಯೇ ಕೇಳಿಕೊಂಡು, ಬೇರೆ ತಂದೆತಾಯಿಗಳು ಮಕ್ಕಳನ್ನು ನೋಡಲು ಬರುವ ದಿನವೇ ಹೋಗಿ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ರಾತ್ರಿ ಯಾರಿರುತ್ತಾರೆ, ಕಕ್ಕಸು-ಬಚ್ಚಲು ಎಷ್ಟಿವೆ, ನೀರು ಬರುತ್ತದೆಯೋ, ಹುಷಾರಿಲ್ಲದಿದ್ದರೆ ಆಸ್ಪತ್ರೆಗೆ ಯಾರು ಒಯ್ಯುತ್ತಾರೆ, ಫೋನು ವಾರಕ್ಕೆಷ್ಟು ಸಲ ಎಂದು ತಾಯಿಯೇ ಕೇಳಲಿ. ಪ್ರಿನ್ಸಿಪಾಲರನ್ನು ಕೇಳಿದ್ದನ್ನೇ ಏಳನೇ ತರಗತಿಯ ಒಬ್ಬ ಹುಡುಗಿಯನ್ನೂ ಕೇಳಲಿ. ಎರಡು ಉತ್ತರ ತಾಳೆಯಾದರೆ ಸಮಾಧಾನ.

ಇನ್ನೊಂದು ವಿಷಯ ಅನೇಕರಿಗೆ ಸೀಟು ಸಿಕ್ಕ ಮೇಲೆ ತಿಳಿದು ಎದೆ ಹೊಡೆದುಕೊಳ್ಳುತ್ತದೆ. ಏಳನೇ ಅಥವಾ ಎಂಟನೇ ತರಗತಿಯವರೆಗೆ ಪಾಠ ಕನ್ನಡದಲ್ಲಿ ನಡೆದು, ಆಮೇಲೆ ವಿಜ್ಞಾನ, ಗಣಿತಗಳು ಇಂಗ್ಲಿಷಿಗೆ ತಿರುಗುತ್ತವೆ. ಒಂಬತ್ತನೇ ತರಗತಿಯಲ್ಲಿ ಹತ್ತರಲ್ಲಿ ಮೂವರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಹಿಂದಿ ಸೀಮೆಯ ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ದೇಶ ಒಂದೆನ್ನುವುದು ಮಕ್ಕಳಿಗೆ ಅನುಭವಕ್ಕೆ ಬರಲಿ ಎಂಬ ಉದ್ದೇಶ. ಹೋಗಿಬಂದ ಮಕ್ಕಳಲ್ಲಿ ಆ ವರ್ಷವನ್ನು ಸಂತೋಷದಿಂದ ನೆನೆಯುವವರನ್ನು ನಾನು ಬಲ್ಲೆ. ಆದರೆ ಮಗಳನ್ನು ಪಕ್ಕದ ತಾಲ್ಲೂಕಿಗೆ ಕಳಿಸಲು ಹಿಂಜರಿಯುವ ತಾಯಿಗೆ ಇದು ಮುಂಚೆಯೇ ಗೊತ್ತಿರಬೇಕು.

ಇದೆಲ್ಲ ಬರೆಯುವಾಗ ಕಾಗದವನ್ನು ಮತ್ತೊಮ್ಮೆ ತೆಗೆದು ಓದಿದೆ. ಎಮ್ಮೆಯ ವಿಷಯ ಇದೆ. ಕೋಚಿಂಗಿನವರು ಹೇಳಿದ್ದು, ಗುರುಗಳು ಹೇಳಿದ್ದು, ಹೆಂಡತಿ ಹೇಳಿದ್ದು, ಮಾವನವರು ಹೇಳಿದ್ದು ಕೂಡ ಇದೆ. ಮಗಳು ಏನನ್ನುತ್ತಾಳೆ ಎಂಬ ಒಂದು ಸಾಲೂ ಇಲ್ಲ. ಹತ್ತು ವರ್ಷದ ಮಗುವಿಗೆ ಏನು ತಿಳಿಯುತ್ತದೆ ಎನ್ನಬೇಡಿ. ಅಷ್ಟು ಶಾಣ್ಯಾ ಹುಡುಗಿಗೆ ಅಷ್ಟಾದರೂ ತಿಳಿಯುತ್ತದೆ. ಅಪ್ಪನೆದುರು ಹೇಳದಿದ್ದರೆ ಅಜ್ಜಿಯ ಹತ್ತಿರ, ಅತ್ತೆಯ ಹತ್ತಿರ ಹೇಳಿಯಾಳು. ಅವಳಿಗೆ ಮನಸ್ಸಿದ್ದರೆ ತಾಯಿಯನ್ನು ಒಪ್ಪಿಸುವ ಕೆಲಸವನ್ನು ಅವಳೇ ಮಾಡುತ್ತಾಳೆ. ಮನಸ್ಸಿಲ್ಲದಿದ್ದರೆ ಎಮ್ಮೆಗಳೂ ಉಳಿಯುತ್ತವೆ, ಮಗಳೂ ಮನೆಯಲ್ಲಿರುತ್ತಾಳೆ.

ಹೋಗುವುದೆಂದು ತೀರ್ಮಾನವಾದರೆ ಕೆಲವು ಎಚ್ಚರಿಕೆಗಳು. ಆರನೇ ತರಗತಿಯ ಈ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು. ಐದನೇ ತರಗತಿಯಲ್ಲಿ ಇನ್ನೊಂದು ವರ್ಷ ಕೂಡಿಸಿ ಮತ್ತೆ ಬರೆಸುತ್ತೇವೆ ಎಂಬ ಆಸೆ ತೋರಿಸುವವರನ್ನು ನಂಬಬೇಡಿ. ಅರ್ಜಿ ಆನ್‌ಲೈನಿನಲ್ಲಿ, ಅದಕ್ಕೆ ಶುಲ್ಕವಿಲ್ಲ. ಸೈಬರ್ ಸೆಂಟರಿನವನು ತುಂಬಿಕೊಡುವುದಕ್ಕೆ ತೆಗೆದುಕೊಳ್ಳುವ ಹಣ ಅವನ ಕೂಲಿ ಅಷ್ಟೆ. ಹೆಡ್ ಮಾಸ್ತರರ ಸಹಿ, ಮಗುವಿನ ಫೋಟೋ ಇರುವ ಪ್ರಮಾಣಪತ್ರ ಮೊದಲೇ ತಯಾರಾಗಿರಲಿ. ಶಾಲೆಯ ದಾಖಲೆಯಲ್ಲಿ, ಆಧಾರ್ ಕಾರ್ಡಿನಲ್ಲಿ, ಜನನ ಪತ್ರದಲ್ಲಿ ಹುಟ್ಟಿದ ತಾರೀಖು, ಹೆಸರಿನ ಅಕ್ಷರ ಒಂದೇ ಇವೆಯೇ ಎಂದು ಈಗಲೇ ನೋಡಿಕೊಳ್ಳಿ. ಸೀಟು ಬಂದ ಮೇಲೆ ಒಂದು ಅಕ್ಷರ ತಿದ್ದಿಸಲು ವಾರಗಟ್ಟಲೆ ಕಚೇರಿ ಅಲೆದವರನ್ನು ಕಂಡಿದ್ದೇನೆ. ಕೊನೆಯ ದಿನದವರೆಗೆ ಕಾಯಬೇಡಿ, ಆ ದಿನ ಎಲ್ಲರೂ ಕಾದಿರುತ್ತಾರೆ. ಹೆಣ್ಣುಮಕ್ಕಳಿಗೆ ಕನಿಷ್ಠ ಮೂರರಲ್ಲೊಂದು ಸೀಟು ಎಂಬುದೂ, ಪರಿಶಿಷ್ಟರು ಮತ್ತು ಹಿಂದುಳಿದ ವರ್ಗದವರಿಗೆ ಮೀಸಲಾತಿ ಇದೆ ಎಂಬುದೂ ನೆನಪಿರಲಿ. ಪ್ರಮಾಣಪತ್ರಗಳನ್ನು ಸಕಾಲದಲ್ಲಿ ಮಾಡಿಸಿಡಿ.

ಮೊದಲ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಬಂದವರು ಬಿಟ್ಟ ಸೀಟಿಗೆ ಆಮೇಲೆ ಕರೆ ಬರುವುದುಂಟು. ಅದಕ್ಕೆಂದು ಆರನೇ ತರಗತಿಗೆ ಹೆಸರು ಹಚ್ಚುವುದನ್ನು ತಡಮಾಡಬೇಡಿ. ಕರೆ ಬಂದರೆ ಟಿ.ಸಿ. ತೆಗೆದುಕೊಂಡು ಹೋಗಬಹುದು. ರಾಜ್ಯದ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಅರ್ಜಿ ಬೇರೆ, ಅದನ್ನೂ ಹಾಕಿಡಿ. ಮಗಳನ್ನು ಮನೆಯಿಂದಲೇ ಕಳಿಸುವ ಆಸೆ ತಾಯಿಗಿದ್ದರೆ, ಹಿಂದುಳಿದ ತಾಲ್ಲೂಕುಗಳಲ್ಲಿರುವ ಆದರ್ಶ ವಿದ್ಯಾಲಯವನ್ನು ವಿಚಾರಿಸಿ. ಅಲ್ಲಿಯೂ ಆರನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ, ಪ್ರವೇಶ ಪರೀಕ್ಷೆ ಇದೆ. ಇನ್ನು ನವೋದಯಕ್ಕೇ ಹೋಗಬೇಕೆಂಬ ಹಂಬಲ ಮಗಳಿಗೆ ಆಮೇಲೆ ಹುಟ್ಟಿದರೆ, ಒಂಬತ್ತನೇ ತರಗತಿಯಲ್ಲಿ ಖಾಲಿ ಉಳಿದ ಸೀಟುಗಳಿಗೆ ಬೇರೆ ಪರೀಕ್ಷೆ ನಡೆಯುತ್ತದೆ. ಅದನ್ನು ಎಂಟನೇ ತರಗತಿಯಲ್ಲಿರುವಾಗ ಬರೆಯಬಹುದು. ಅಷ್ಟರಲ್ಲಿ ಅವಳಿಗೆ ಹದಿಮೂರೋ ಹದಿನಾಲ್ಕೋ ಆಗಿರುತ್ತದೆ, ಅರ್ಜಿಯನ್ನು ಅವಳೇ ತುಂಬುತ್ತಾಳೆ.